ಪೊರೆಯನ್ನು ಗೆದ್ದ ಸೀಮೆಯಲ್ಲಿ ಗ್ಲಾಕೋಮಾ

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. 1916ರ ಅಕ್ಟೋಬರ್ 4ರಂದು ಮುರುಗಪ್ಪ ಚನ್ನವೀರಪ್ಪ ಮೋದಿ ಅಲ್ಲಿ ಹುಟ್ಟಿದಾಗ ಅದು ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಯ ಊರು, ಜಿಲ್ಲೆ ಮುಂಬಯಿ ಪ್ರಾಂತದ್ದು. ಕಣ್ಣಿನ ವೈದ್ಯರಾಗಿ 1940ರ ದಶಕದಲ್ಲಿ ಹಳ್ಳಿಗಳ ಕಡೆ ಹೊರಟ ಡಾ. ಎಂ.ಸಿ. ಮೋದಿ ಮುಂದಿನ ಐವತ್ತು ವರ್ಷ ದಣಿಯಲಿಲ್ಲ. ಶಾಲೆಯೋ ಛತ್ರವೋ ಮಠದ ಅಂಗಳವೋ, ನಾಲ್ಕು ಮೇಜು ಹಿಡಿಸುವಷ್ಟು ಜಾಗ ಸಿಕ್ಕರೆ ಅದೇ ಆಸ್ಪತ್ರೆ. ಮೇಜುಗಳನ್ನು ಸಾಲಾಗಿ ಹಾಕಿಸಿ, ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಪೊರೆ ತೆಗೆಯುತ್ತಿದ್ದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1993ರ ಫೆಬ್ರುವರಿ ಹೊತ್ತಿಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆಗಳಾಗಿದ್ದವು ಎಂದು ಗಿನ್ನೆಸ್ ದಾಖಲೆಗಳ ಪುಸ್ತಕ ಬರೆದುಕೊಂಡಿತು. ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು. ಜನ ಕೊಟ್ಟ ಬಿರುದು ಇನ್ನೂ ದೊಡ್ಡದು: ಕಣ್ಣು ಕೊಟ್ಟ ಅಣ್ಣ.

ಮೋದಿಯವರಂಥವರ ದುಡಿಮೆಯಿಂದ ಕೃಷ್ಣಾ–ಭೀಮಾ ನಡುವಿನ ಈ ಸೀಮೆಯ ಮನೆಮನೆಯಲ್ಲೂ ಒಂದು ತಿಳಿವಳಿಕೆ ಬೇರೂರಿತು. ವಯಸ್ಸಾದವರಿಗೆ ಕಣ್ಣು ಮಂಜಾದರೆ ಅದು ಮೋತಿಬಿಂದು, ಅಂದರೆ ಪೊರೆ. ಹಣ್ಣಾಗುವ ತನಕ ಕಾಯಬೇಕು. ಹಣ್ಣಾದ ಮೇಲೆ ಕ್ಯಾಂಪಿಗೆ ಹೋದರೆ ಪಟ್ಟಿ ಬಿಚ್ಚಿದ ದಿನ ಮೊಮ್ಮಕ್ಕಳ ಮುಖ ಕಾಣುತ್ತದೆ. ಪೊರೆಯ ಮಟ್ಟಿಗೆ ಆ ಕಾಲಕ್ಕೆ ಇದು ಸರಿಯಾದ ಮಾತೇ. ಆದರೆ ಅದೇ ಸಾಲಿನಲ್ಲಿ ಪೊರೆಯಿಲ್ಲದೆ ಕಣ್ಣು ಕಳೆದುಕೊಳ್ಳುತ್ತಿದ್ದವರೂ ನಿಂತಿರುತ್ತಿದ್ದರು. ಅವರದು ಗ್ಲಾಕೋಮಾ, ನಮ್ಮ ಕಡೆಯ ಹಿರಿಯರ ಬಾಯಲ್ಲಿ ಕಾಚಬಿಂದು, ಈಗಿನವರ ಮಾತಿನಲ್ಲಿ ಕಣ್ಣಿನ ಪ್ರೆಶರ್. ಅವರಿಗೆ ಆ ಕಾಯುವಿಕೆಯೇ ಮುಳುವಾಯಿತು. ಪೊರೆಯಿಂದ ಹೋದ ದೃಷ್ಟಿ ಮರಳುತ್ತದೆ, ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಅರಿಯಲು ವೈದ್ಯಲೋಕ ನೂರಾರು ವರ್ಷ ತೆಗೆದುಕೊಂಡಿತು. ಜನರಿಗೆ ತಿಳಿಸುವ ಕೆಲಸ ಇನ್ನೂ ಮುಗಿದಿಲ್ಲ.

ನೀರಿನ ಲೆಕ್ಕ

ಸುಶ್ರುತ ಸಂಹಿತೆಯಲ್ಲಿ ಅಧಿಮಂಥ ಎಂಬ ಕಣ್ಣಿನ ಬೇನೆಯ ವಿವರಣೆಯಿದೆ. ಕಣ್ಣನ್ನು ಕಡೆಗೋಲಿನಿಂದ ಕಡೆದಂಥ ನೋವು, ಜೊತೆಗೆ ಅರ್ಧ ತಲೆಯ ಸಿಡಿತ. ಇದರಲ್ಲಿ ಇಂದಿನ ಅನೇಕ ವೈದ್ಯರು ಹಠಾತ್ತಾಗಿ ಎರಗುವ ಗ್ಲಾಕೋಮಾವನ್ನು ಗುರುತಿಸುತ್ತಾರೆ. ಪೊರೆಗೆ ಮಾತ್ರ ನಮ್ಮಲ್ಲಿ ಹಳೆಯ ಉಪಾಯವೊಂದಿತ್ತು. ಊರೂರು ತಿರುಗುವ ಕಣ್ಣಿನ ವೈದ್ಯರು ಸೂಜಿ ಚುಚ್ಚಿ, ಮಬ್ಬಾದ ಮಸೂರವನ್ನು ಕಣ್ಣಿನೊಳಕ್ಕೆ ಹಿಂದೆ ನೂಕುತ್ತಿದ್ದರು. ಕೂಡಲೇ ಬೆಳಕು ಕಾಣುತ್ತಿತ್ತು, ವೈದ್ಯ ದಕ್ಷಿಣೆ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದ. ಅವನು ಹೋದ ಮೇಲೆ ಎಷ್ಟೋ ಕಣ್ಣುಗಳು ಉರಿಯೂತದಿಂದ, ಒಳಗಿನ ಒತ್ತಡ ಏರಿ ಕೆಡುತ್ತಿದ್ದವು. ಹೀಗೆ ಕೆಟ್ಟ ಕಣ್ಣುಗಳನ್ನು ಮದರಾಸಿನಲ್ಲಿ ಕಂಡ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ವೈದ್ಯ 1917ರಲ್ಲಿ ಆ ಪದ್ಧತಿಯ ಬಗ್ಗೆಯೇ ಒಂದು ಪುಸ್ತಕ ಬರೆದ. ಈ ಕಥೆಯಲ್ಲಿ ಅವನು ಮತ್ತೆ ಬರುತ್ತಾನೆ.

ಒತ್ತಡ ಏರುವುದೆಂದರೇನು? ಕಣ್ಣಿನ ಮುಂಭಾಗದಲ್ಲಿ ತಿಳಿನೀರು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜಾಲರಿಯ ಮೂಲಕ ಅದು ಅಷ್ಟೇ ಪ್ರಮಾಣದಲ್ಲಿ ಹೊರಗೆ ಹರಿಯುತ್ತದೆ. ಈ ನೀರು ಕಣ್ಣೀರಲ್ಲ, ಕೆನ್ನೆಗೆ ಬರುವುದೂ ಇಲ್ಲ. ಹುಟ್ಟುವುದಕ್ಕೂ ಹರಿಯುವುದಕ್ಕೂ ಹೊಂದಾಣಿಕೆ ಇದ್ದರೆ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿ.ಮೀ. ಒಳಗಿರುತ್ತದೆ. ಹೊರದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ವಿಜಯಪುರದವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬ್‌ನಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಅವುಗಳಲ್ಲಿ ನೀರು ಮೇಲೇರಿ ಒತ್ತಡ ಇಳಿಯುತ್ತಿತ್ತು. ಕಣ್ಣಿನಲ್ಲಿ ಅಂಥ ಗಂಜ್ ಇಲ್ಲ. ಏರಿದ ಒತ್ತಡವೆಲ್ಲ ಹಿಂದಿನ ನರದ ಮೇಲೆ ಬೀಳುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ಆ ನರ ಎಳೆಯೆಳೆಯಾಗಿ ಸಾಯುತ್ತದೆ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನ ನೋಟ ಕೊನೆಯವರೆಗೂ ಉಳಿಯುತ್ತದೆ. ಎದುರಿಗೆ ಬಂದವರ ಮುಖ ಕಾಣುತ್ತಿರುವಾಗ ಪಕ್ಕದಲ್ಲಿ ಬಂದ ಎತ್ತಿನ ಗಾಡಿ ಕಾಣಲಿಲ್ಲವೆಂದು ಯಾರು ಲೆಕ್ಕವಿಡುತ್ತಾರೆ? ಒತ್ತಡ ಅಳತೆಯೊಳಗಿದ್ದೂ ನರ ಸೊರಗುವ ಬಗೆಯೊಂದು ಇದೆ. ಆದರೂ ಇವತ್ತಿನವರೆಗೆ ವೈದ್ಯರ ಕೈಗೆ ಸಿಕ್ಕಿರುವ ಹಿಡಿಕೆ ಒತ್ತಡವೊಂದೇ. ಗ್ಲಾಕೋಮಾ ಚಿಕಿತ್ಸೆಯ ಇತಿಹಾಸವೆಲ್ಲ ಆ ಒತ್ತಡವನ್ನು ಇಳಿಸುವ ಇತಿಹಾಸ.

ಬರ್ಲಿನ್‌ನ ಕತ್ತರಿ, ಕಲಾಬಾರಿನ ಬೀಜ

ಗ್ಲಾಸ್ಗೋದ ವಿಲಿಯಂ ಮೆಕೆಂಝಿ 1830ರ ತನ್ನ ಪುಸ್ತಕದಲ್ಲಿ, ಈ ರೋಗದಲ್ಲಿ ಕಣ್ಣುಗುಡ್ಡೆ ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ ಎಂದು ಬರೆದ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಉಪಕರಣ ತಂದ ಮೇಲೆ, ಗುಳಿಬಿದ್ದ ನರ ವೈದ್ಯರ ಕಣ್ಣಿಗೆ ಮೊದಲ ಬಾರಿ ಬಿತ್ತು. ಆದರೆ ಚಿಕಿತ್ಸೆ ಮಾತ್ರ ಯಾರಲ್ಲೂ ಇರಲಿಲ್ಲ. ಬರ್ಲಿನ್‌ನ ಆಲ್‌ಬ್ರೆಕ್ಟ್ ಫಾನ್ ಗ್ರೇಫ಼ ಹಠಾತ್ ಗ್ಲಾಕೋಮಾದಿಂದ ನರಳುತ್ತಿದ್ದವರ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪಟಲದ ಒಂದು ತುಂಡನ್ನು ಕತ್ತರಿಸಿ ತೆಗೆದ. ನೋವು ನಿಂತಿತು, ದೃಷ್ಟಿ ಉಳಿಯಿತು. 1857ರಲ್ಲಿ ಅವನು ಇದನ್ನು ಪ್ರಕಟಿಸಿದಾಗ, ಅಲ್ಲಿಯವರೆಗೆ ಕುರುಡೇ ಗತಿ ಎಂದಿದ್ದ ಒಂದು ರೋಗಕ್ಕೆ ಮದ್ದು ಸಿಕ್ಕಂತಾಯಿತು. ಕಣ್ಣನ್ನು ಮರಗಟ್ಟಿಸುವ ಕೊಕೇನ್ ಹನಿ ಬಂದದ್ದು 1884ರಲ್ಲಿ; ಗ್ರೇಫ಼ನ ರೋಗಿಗಳಿಗೆ ಆ ಸೌಕರ್ಯವೂ ಇರಲಿಲ್ಲ. ತನ್ನ ಕತ್ತರಿ ಏಕೆ ಕೆಲಸ ಮಾಡುತ್ತದೆ ಎಂಬುದು ಅವನಿಗೆ ಸ್ಪಷ್ಟವಿರಲಿಲ್ಲ. ಕ್ಷಯದಿಂದ 1870ರಲ್ಲಿ ತೀರಿಕೊಂಡಾಗ ಅವನಿಗೆ 42 ವರ್ಷ. ಪಾಪೆಯ ಹಿಂದೆ ನೀರು ತಡೆದು ನಿಂತು ಪಟಲವನ್ನು ಮುಂದಕ್ಕೆ ನೂಕುತ್ತದೆ, ಅದರಿಂದ ಹೊರದಾರಿಯ ಮೂಲೆ ಮುಚ್ಚುತ್ತದೆ, ಪಟಲದಲ್ಲೊಂದು ಕಿಂಡಿ ಮಾಡಿದರೆ ನೀರಿಗೆ ಅಡ್ಡದಾರಿ ಸಿಗುತ್ತದೆ ಎಂಬ ವಿವರಣೆ 1920ರಲ್ಲಿ ಎಡ್ವರ್ಡ್ ಕರನ್‌ನಿಂದ ಬಂತು.

ಮೊದಲ ಹನಿ ಮದ್ದಿನ ಮೂಲ ಇನ್ನೂ ವಿಚಿತ್ರ. ಈಗಿನ ನೈಜೀರಿಯಾದ ಕಲಾಬಾರ್ ಪ್ರದೇಶದಲ್ಲಿ ಮಾಟದ ಆರೋಪ ಹೊತ್ತವರಿಗೆ ಒಂದು ವಿಷದ ಬೀಜ ತಿನ್ನಿಸುತ್ತಿದ್ದರು. ಕಕ್ಕಿ ಬದುಕಿದವನು ನಿರಪರಾಧಿ, ಸತ್ತವನು ತಪ್ಪಿತಸ್ಥ. ಎಡಿನ್‌ಬರೋದ ವೈದ್ಯರು ಆ ಬೀಜವನ್ನು ಪರೀಕ್ಷಿಸಿದಾಗ ಅದರ ಸತ್ವ ಕಣ್ಣಿನ ಪಾಪೆಯನ್ನು ಕುಗ್ಗಿಸುವುದು 1860ರ ದಶಕದ ಮೊದಲಲ್ಲಿ ತಿಳಿಯಿತು. ಅದನ್ನು ಗ್ಲಾಕೋಮಾಕ್ಕೆ ಬಳಸಿ 1876ರಲ್ಲಿ ವರದಿ ಮಾಡಿದವನು ಸ್ಟ್ರಾಸ್‌ಬರ್ಗ್‌ನ ಲುಡ್ವಿಗ್ ಲಾಕ್ವೆರ್. ಸ್ವತಃ ಅವನಿಗೇ ಗ್ಲಾಕೋಮಾ ಇತ್ತು. ತನ್ನ ಕಣ್ಣಿಗೇ ಹನಿ ಹಾಕಿಕೊಂಡು ಫಲ ನೋಡಿದ, ಮುಂದೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡ. ಅದೇ ಹೊತ್ತಿಗೆ ಬ್ರೆಜಿಲಿನ ಜಬೊರಾಂಡಿ ಎಲೆಯಿಂದ ಪೈಲೊಕಾರ್ಪಿನ್ ಬಂತು. ಪಾಪೆ ಕಿರಿದಾಗಿ ಮೂಲೆ ಬಿಚ್ಚಿಕೊಂಡು ನೀರು ಹರಿಯುವುದು ಇದರ ಕೆಲಸ. ದಿನಕ್ಕೆ ನಾಲ್ಕು ಸಲ ಹಾಕಬೇಕು, ಹುಬ್ಬು ನೋಯುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಆದರೂ ಸುಮಾರು ನೂರು ವರ್ಷ ಜಗತ್ತಿನ ಗ್ಲಾಕೋಮಾ ರೋಗಿಗಳು ಬದುಕಿದ್ದು ಈ ಹನಿಯ ಮೇಲೆ.

ಮದರಾಸಿನ ರಂಧ್ರ

ಗ್ರೇಫ಼ನ ಕತ್ತರಿ ಹಠಾತ್ ಗ್ಲಾಕೋಮಾಕ್ಕೆ ಒಗ್ಗಿತು. ನೋವಿಲ್ಲದೆ ವರ್ಷಗಟ್ಟಲೆ ಕಣ್ಣು ತಿನ್ನುವ ಬಗೆಗೆ ಅದು ಸಾಲಲಿಲ್ಲ. ಅಲ್ಲಿ ನೀರಿಗೆ ಹೊಸ ದಾರಿಯನ್ನೇ ತೋಡಬೇಕಿತ್ತು. ಆ ಕೆಲಸ ಆದದ್ದು ದಕ್ಷಿಣ ಭಾರತದಲ್ಲಿ.

ಮದರಾಸಿನ ಸರ್ಕಾರಿ ಕಣ್ಣಿನ ಆಸ್ಪತ್ರೆ 1819ರಷ್ಟು ಹಳೆಯದು. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಎಲಿಯಟ್ 1904ರಿಂದ 1914ರವರೆಗೆ ಅದರ ಮುಖ್ಯಸ್ಥನಾಗಿದ್ದ. 1909ರಲ್ಲಿ ಅವನು ತನ್ನ ಹೊಸ ವಿಧಾನವನ್ನು ಪ್ರಕಟಿಸಿದ. ಕಣ್ಣಿನ ಮೇಲ್ಪೊರೆಯನ್ನು ಸ್ವಲ್ಪ ಬಿಡಿಸಿ ಎತ್ತಬೇಕು. ಕರಿಗುಡ್ಡೆ, ಬಿಳಿಗುಡ್ಡೆ ಸೇರುವ ಅಂಚಿನಲ್ಲಿ ಎರಡು ಮಿ.ಮೀ. ಒಳಗಿನ ಕೊರೆಯುವ ಸಾಧನದಿಂದ ಒಂದು ದುಂಡು ರಂಧ್ರ ತೆಗೆಯಬೇಕು. ಆಮೇಲೆ ಮೇಲ್ಪೊರೆಯನ್ನು ಮತ್ತೆ ಮುಚ್ಚಬೇಕು. ಒಳಗಿನ ನೀರು ರಂಧ್ರದಿಂದ ಹೊರಬಂದು ಮೇಲ್ಪೊರೆಯಡಿ ಸೇರಿ ಹೀರಿಹೋಗುತ್ತದೆ. ಯುರೋಪಿನಲ್ಲಿ ಇಂಥ ಯತ್ನಗಳು ಆಗಲೇ ನಡೆದಿದ್ದವು. ಎಲಿಯಟ್‌ನ ಬಲ ಮದರಾಸಿನ ರೋಗಿಗಳ ಸಂಖ್ಯೆಯಲ್ಲಿತ್ತು. ನೂರಾರು ಕಣ್ಣುಗಳಿಗೆ ಮಾಡಿ, ಲೆಕ್ಕವಿಟ್ಟು, 1913ರಲ್ಲಿ ಪುಸ್ತಕ ತಂದ. ಲಂಡನ್ನಿನ, ಅಮೆರಿಕದ ವೈದ್ಯರು ಮದರಾಸಿನ ವಿಧಾನ ಕಲಿತರು.  ಆದರೆ ಎಲಿಯಟ್‌ನ ರಂಧ್ರಕ್ಕೆ ಒಂದು ದೋಷವಿತ್ತು. ನೀರು ತಡೆಯಿಲ್ಲದೆ ಹರಿದು ಕಣ್ಣು ಮೆತ್ತಗಾಗಬಹುದಿತ್ತು. ಮುಚ್ಚಿದ ಮೇಲ್ಪೊರೆ ತೆಳುವಾಗಿ, ವರ್ಷಗಳ ನಂತರ ಸೋಂಕು ಒಳಸೇರಿ ಕಣ್ಣೇ ಹೋಗಬಹುದಿತ್ತು. ಹಾಗಿದ್ದೂ ಅರ್ಧ ಶತಮಾನ ಅದೇ ನಡೆಯಿತು.

ಬಿಜಾಪುರದ ರೈತನೊಬ್ಬನಿಗೆ ಆಗ ಮದರಾಸು ಬೇರೆಯದೇ ಲೋಕ. 1913ರಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯ ಕಟ್ಟಡ ಎದ್ದಿತು, ಆದರೆ ಅದು ಮೈಸೂರು ಸಂಸ್ಥಾನದ ಮಾತು. ಈ ಜಿಲ್ಲೆಯ ಮುಖ ಪಶ್ಚಿಮಕ್ಕಿತ್ತು. ಹೋಟಗಿಯ ಮೇಲೆ ಸೊಲ್ಲಾಪುರಕ್ಕೆ, ಅಲ್ಲಿಂದ ಪುಣೆ, ಮುಂಬಯಿಗೆ ರೈಲು. ಇಲ್ಲವೆಂದರೆ ಟಿಕೋಟಾ, ಅಥಣಿ ಹಾದು ಮೀರಜ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ತೆರೆದ ಮೀರಜದ ಆಸ್ಪತ್ರೆ ಉತ್ತರ ಕರ್ನಾಟಕದವರಿಗೆ ದೊಡ್ಡಾಸ್ಪತ್ರೆಯಾಯಿತು. ಇವತ್ತಿಗೂ ಟಿಕೋಟಾ ಕಡೆಯ ಹಿರಿಯರ ಮಾತಿನಲ್ಲಿ ದೊಡ್ಡ ಬೇನೆಗೆ ಮೀರಜ ಬಂದೇ ಬರುತ್ತದೆ. ಅಷ್ಟು ದೂರ ಹೋಗುವವರು ಯಾರು? ನೋವು ತಡೆಯಲಾರದವರು, ಇಲ್ಲವೇ ಪೂರ್ತಿ ಕಾಣದಾದವರು. ನೋವಿಲ್ಲದ ಗ್ಲಾಕೋಮಾದವರು ಈ ಎರಡರಲ್ಲೂ ಸೇರುವವರಲ್ಲ. ಸೇರುವ ಹೊತ್ತಿಗೆ ಕಾಲ ಮೀರಿರುತ್ತಿತ್ತು.

ಹನಿಯ ಕಾಲ, ಲೇಸರಿನ ಕಾಲ

ಎರಡು ಬಗೆಯ ಗ್ಲಾಕೋಮಾವನ್ನು ಖಚಿತವಾಗಿ ಬೇರ್ಪಡಿಸಿದವನು ಸ್ಯಾನ್ ಫ್ರಾನ್ಸಿಸ್ಕೋದ ಆಟೋ ಬಾರ್ಕನ್, 1938ರಲ್ಲಿ. ಕಣ್ಣಿನ ಮೇಲೆ ವಿಶೇಷ ಮಸೂರವಿಟ್ಟು ಹೊರದಾರಿಯ ಮೂಲೆಯನ್ನು ನೋಡಿ, ಅದು ತೆರೆದಿದೆಯೋ ಮುಚ್ಚಿದೆಯೋ ಎಂದು ವಿಂಗಡಿಸಿದ. ಇಂದಿಗೂ ಚಿಕಿತ್ಸೆ ಕವಲೊಡೆಯುವುದು ಅಲ್ಲೇ. ಒತ್ತಡ ಅಳೆಯಲು 1905ರಲ್ಲಿ ನಾರ್ವೆಯ ಶಿಯೋಟ್ಸ್ ತಂದ ಪುಟ್ಟ ಉಪಕರಣ ಹತ್ತಾರು ವರ್ಷ ವೈದ್ಯರ ಜೇಬಿನಲ್ಲಿತ್ತು. ಮಲಗಿದ ರೋಗಿಯ ಕಣ್ಣಿನ ಮೇಲೆ ಅದನ್ನು ನಿಲ್ಲಿಸಿ ಮುಳ್ಳು ಓದುತ್ತಿದ್ದರು. 1950ರ ದಶಕದಲ್ಲಿ ಗೋಲ್ಡ್‌ಮನ್ ಮಾಪಕ ಬಂದು ಅಳತೆ ನಿಖರವಾಯಿತು.

ಅದೇ ದಶಕದಲ್ಲಿ, 1954ರಲ್ಲಿ, ಸೇಂಟ್ ಲೂಯಿಸ್‌ನ ಬರ್ನಾರ್ಡ್ ಬೆಕರ್ ಅಸಿಟಜೋಲಮೈಡ್ ಮಾತ್ರೆ ಕಣ್ಣಿನ ನೀರಿನ ಉತ್ಪತ್ತಿಯನ್ನೇ ತಗ್ಗಿಸುತ್ತದೆ ಎಂದು ತೋರಿಸಿದರು. ಡಯಾಮಾಕ್ಸ್ ಎಂದು ಹೆಸರಾದ ಇದು ಹಠಾತ್ ಗ್ಲಾಕೋಮಾದವರಿಗೆ ಇಂದಿಗೂ ಮೊದಲ ಮಾತ್ರೆಗಳಲ್ಲೊಂದು. ಕೈಬೆರಳು ಜುಮುಜುಮು ಎನ್ನುತ್ತವೆ, ಬಾಯಿ ರುಚಿ ಕೆಡುತ್ತದೆ, ಬಹುಕಾಲ ತಿನ್ನಲಾಗದು. 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಿಮೊಲಾಲ್ ಹನಿ ನಿಜವಾದ ತಿರುವು. ದಿನಕ್ಕೆ ಎರಡೇ ಸಲ, ಪಾಪೆ ಕುಗ್ಗುವುದಿಲ್ಲ, ಮಬ್ಬು ಕವಿಯುವುದಿಲ್ಲ. ಉಬ್ಬಸ ಇದ್ದವರಿಗೆ, ಎದೆಬಡಿತ ನಿಧಾನ ಇದ್ದವರಿಗೆ ಮಾತ್ರ ಅದು ಅಪಾಯ. ಕಣ್ಣಿಗೆ ಹಾಕಿದ ಹನಿ ಮೂಗಿನ ದಾರಿಯಿಂದ ರಕ್ತಕ್ಕೂ ಸೇರುತ್ತದೆ. 1996ರಲ್ಲಿ ಬಂದ ಲಟಾನೊಪ್ರಾಸ್ಟ್ ರಾತ್ರಿಗೊಂದೇ ಹನಿ. ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೋ ಬಿಟೋ ಹಾಗೂ ಸ್ವೀಡನ್ನಿನ ಯೋಹಾನ್ ಶೆರ್ನ್‌ಶಾಂಟ್ಸ್ ಅವರ ಶ್ರಮ ಇದರ ಹಿಂದಿದೆ. ಇದು ನೀರಿಗೆ ಇನ್ನೊಂದು ಹೊರದಾರಿಯನ್ನು ಸಡಿಲಿಸುತ್ತದೆ. ರೆಪ್ಪೆಗೂದಲು ಉದ್ದವಾಗುವುದು, ಕಣ್ಣು ಕೆಂಪಾಗುವುದು ಇದರ ಪರಿಣಾಮಗಳು.

ಶಸ್ತ್ರಚಿಕಿತ್ಸೆಯಲ್ಲಿ ಎಲಿಯಟ್‌ನ ದೋಷ ತಿದ್ದಿದವನು ಕೇಂಬ್ರಿಡ್ಜ್‌ನ ಜಾನ್ ಕೇರ್ನ್ಸ್, 1968ರಲ್ಲಿ. ಬಿಳಿಗುಡ್ಡೆಯಲ್ಲಿ ಪದರವೊಂದನ್ನು ಬಾಗಿಲಂತೆ ಎತ್ತಿ, ಅದರಡಿ ಕಿಂಡಿ ತೆಗೆದು, ಬಾಗಿಲನ್ನು ಸಡಿಲವಾಗಿ ಹೊಲಿಯುವುದು. ನೀರು ಹದವಾಗಿ ಜಿನುಗುತ್ತದೆ. ಟ್ರಾಬೆಕ್ಯುಲೆಕ್ಟಮಿ ಎಂಬ ಈ ವಿಧಾನ ಇಂದಿಗೂ ಗ್ಲಾಕೋಮಾ ಶಸ್ತ್ರಚಿಕಿತ್ಸೆಯ ಬೆನ್ನೆಲುಬು. ದೇಹ ಗಾಯವನ್ನು ಮಾಯಿಸಿ ಕಿಂಡಿ ಮುಚ್ಚಿಬಿಡುವುದೇ ಅದರ ಶತ್ರು. ಕ್ಯಾನ್ಸರಿಗೆ ಬಳಸುವ ಮೈಟೊಮೈಸಿನ್ ಔಷಧವನ್ನು ಕೆಲವು ನಿಮಿಷ ಅಲ್ಲಿ ಸೋಕಿಸಿದರೆ ಗಾಯ ಬೇಗ ಮುಚ್ಚದು ಎಂದು 1983ರಲ್ಲಿ ತೈವಾನಿನಿಂದ ವರದಿ ಬಂತು. ಅದೂ ಫಲಿಸದ ಕಣ್ಣಿಗೆ ಸಣ್ಣ ನಳಿಕೆ ಕೂರಿಸುವ ವಿಧಾನ 1969ರಲ್ಲಿ ಮೊಲ್ಟೆನೊ ಎಂಬ ವೈದ್ಯನಿಂದ ಶುರುವಾಯಿತು. ಮದುರೈನ ಅರೋಲ್ಯಾಬ್ 2013ರಲ್ಲಿ ಅಂಥದೊಂದು ನಳಿಕೆಯನ್ನು ನಮ್ಮಲ್ಲೇ ತಯಾರಿಸಿ ವಿದೇಶಿ ಬೆಲೆಯ ಒಂದು ಪಾಲಿಗೆ ಕೊಟ್ಟಿತು.

ಹನಿ, ಶಸ್ತ್ರಚಿಕಿತ್ಸೆಗಳ ನಡುವೆ ಲೇಸರ್ ಬಂತು. ಗ್ರೇಫ಼ ಕತ್ತರಿಯಿಂದ ಮಾಡುತ್ತಿದ್ದ ಕಿಂಡಿಯನ್ನು 1970ರ ದಶಕದಲ್ಲಿ ಆರ್ಗಾನ್ ಲೇಸರ್, ಮುಂದೆ ಯಾಗ್ ಲೇಸರ್ ಕಣ್ಣು ಕೊಯ್ಯದೆಯೇ ಮಾಡತೊಡಗಿದವು. ಮರಗಟ್ಟಿಸುವ ಹನಿ, ಗದ್ದ ಊರಿ ಕೂರುವ ಯಂತ್ರ, ಕೆಲವು ಟಕ್ ಟಕ್ ಸದ್ದು. ಒಂದು ಗಂಟೆ ಕೂರಿಸಿ ಒತ್ತಡ ನೋಡಿ ಮನೆಗೆ ಕಳಿಸುತ್ತಾರೆ. ಇದು ಮೂಲೆ ಮುಚ್ಚುವ ಬಗೆಗೆ. ತೆರೆದ ಮೂಲೆಯವರಿಗೆ 1979ರಲ್ಲಿ ವೈಸ್, ವಿಟ್ಟರ್ ಎಂಬಿಬ್ಬರು ಜಾಲರಿಗೇ ಲೇಸರ್ ಹೊಡೆದು ಹರಿವು ಹೆಚ್ಚಿಸಿದರು. ಅದು ಜಾಲರಿಯನ್ನು ಸುಡುತ್ತಿತ್ತು. 1995ರಲ್ಲಿ ಲಟೀನಾ ಹಾಗೂ ಪಾರ್ಕ್ ತೋರಿಸಿದ ಎಸ್‌ಎಲ್‌ಟಿ ಎಂಬ ಲೇಸರ್ ಸುಡದೆ ಅದೇ ಕೆಲಸ ಮಾಡುತ್ತದೆ. ಅಗತ್ಯಬಿದ್ದರೆ ಮತ್ತೊಮ್ಮೆಯೂ ಮಾಡಬಹುದು.

ಬಿಜಾಪುರಕ್ಕೆ ಬಂದ ಕಾಲೇಜುಗಳು

ಟಿಮೊಲಾಲ್ ಮತ್ತು ಲಟಾನೊಪ್ರಾಸ್ಟ್ ನಡುವಿನ ಆ ಹದಿನೆಂಟು ವರ್ಷಗಳಲ್ಲೇ ಬಿಜಾಪುರದ ವೈದ್ಯಕೀಯ ಚಿತ್ರವೂ ಬದಲಾಯಿತು. 1984ರಲ್ಲಿ ಅಥಣಿ ರಸ್ತೆಯಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ಶುರುವಾಯಿತು. ಮೀರಜಕ್ಕೆ ಹೋಗುತ್ತಿದ್ದ ದಾರಿಯಲ್ಲೇ ಆಸ್ಪತ್ರೆ ಎದ್ದಂತಾಯಿತು. 1986ರಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಕಾಲೇಜು ಬಂತು. ವಚನಗಳ ಓಲೆಗರಿ ಹುಡುಕಿ ಉಳಿಸಿದ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಸಂಸ್ಥೆ ಅದು. ಕಾಲೇಜಿಗಿರುವುದು ಟಿಕೋಟಾ ಕ್ಷೇತ್ರದ ಶಾಸಕರಾಗಿದ್ದ ಬಿ.ಎಂ. ಪಾಟೀಲರ ಹೆಸರು. ವೈದ್ಯಕೀಯ ಕಾಲೇಜು ಎಂದರೆ ಕಣ್ಣಿನ ವಿಭಾಗ, ಒಳಗೆ ನೋಡುವ ಸೀಳುದೀಪದ ಸೂಕ್ಷ್ಮದರ್ಶಕ, ಒತ್ತಡದ ಮಾಪಕ, ಅವನ್ನು ಬಳಸಲು ಕಲಿತು ಹೊರಬರುವ ಹೊಸ ವೈದ್ಯರು. ಪೊರೆಗೆ ಮೋದಿಯವರ ಮೇಜು ಸಾಕಿತ್ತು. ಗ್ಲಾಕೋಮಾಕ್ಕೆ ಒಂದೇ ಕಡೆ ಇರುವ, ವರ್ಷವರ್ಷ ಅದೇ ಕಡತ ತೆಗೆದು ನೋಡುವ ಆಸ್ಪತ್ರೆ ಬೇಕು. ಅದು ಜಿಲ್ಲೆಯೊಳಗೇ ಸಿಕ್ಕಿತು.

ಆದರೆ ಸರ್ಕಾರದ ಲಕ್ಷ್ಯವೆಲ್ಲ ಪೊರೆಯ ಮೇಲಿತ್ತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಹುಕಾಲ ಎಣಿಸಿದ್ದು ಪೊರೆ ಶಸ್ತ್ರಚಿಕಿತ್ಸೆಗಳನ್ನು. ಇದರಲ್ಲಿ ತಪ್ಪು ಹುಡುಕುವಂತಿಲ್ಲ. ದೇಶದಲ್ಲಿ ಕುರುಡಿಗೆ ಪೊರೆಯೇ ದೊಡ್ಡ ಕಾರಣ, ಒಂದೇ ಸಲದ ಚಿಕಿತ್ಸೆ, ಫಲ ಕಣ್ಣೆದುರೇ ಸಿಗುತ್ತದೆ. ಗ್ಲಾಕೋಮಾದಲ್ಲಿ ಗೆಲುವನ್ನು ತೋರಿಸುವುದೇ ಕಷ್ಟ. ಹತ್ತು ವರ್ಷ ಚಿಕಿತ್ಸೆ ಪಡೆದವನ ಕಣ್ಣು ಹತ್ತು ವರ್ಷದ ಹಿಂದೆ ಇದ್ದಂತೆಯೇ ಇದ್ದರೆ ಅದೇ ಗೆಲುವು. ಅಂಥ ಗೆಲುವಿಗೆ ಯಾರೂ ಹಾರ ಹಾಕುವುದಿಲ್ಲ.

ಲೆಕ್ಕ ಹೇಳಿದ ಸತ್ಯ

ಇಪ್ಪತ್ತನೆಯ ಶತಮಾನದ ಕೊನೆಗೆ ಭಾರತದಲ್ಲಿ ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸುವ ಸಮೀಕ್ಷೆಗಳು ನಡೆದವು. ವೆಲ್ಲೂರಿನದು 1998ರಲ್ಲಿ, ಆಂಧ್ರದ್ದು 2000ದಲ್ಲಿ, ಮದುರೈನ ಅರವಿಂದ್ ಆಸ್ಪತ್ರೆಯದು 2003ರಲ್ಲಿ ಪ್ರಕಟವಾದವು. ಆಂಧ್ರದಲ್ಲೂ ತಮಿಳುನಾಡಿನಲ್ಲೂ ಕಂಡದ್ದು ಒಂದೇ ಸತ್ಯ: ಗ್ಲಾಕೋಮಾ ಇದ್ದ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ದೇಶದಲ್ಲಿ 40 ದಾಟಿದ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂಬ ಅಂದಾಜು 2010ರಲ್ಲಿ ಬಂತು. ಪಾಶ್ಚಾತ್ಯರಲ್ಲಿ ಅಪರೂಪವಾದ ಮುಚ್ಚಿದ ಮೂಲೆಯ ಬಗೆ ನಮ್ಮಲ್ಲಿ ಗಣನೀಯವಾಗಿದೆ ಎಂಬುದೂ ತಿಳಿಯಿತು.

ಚಿಕಿತ್ಸೆಯಿಂದ ನಿಜಕ್ಕೂ ಫಲವಿದೆಯೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಒತ್ತಡ ಹೆಚ್ಚಿದ್ದು ನರ ಇನ್ನೂ ಸರಿಯಿದ್ದ 1,636 ಮಂದಿಯನ್ನು ಅಮೆರಿಕದಲ್ಲಿ ಐದು ವರ್ಷ ಗಮನಿಸಿದರು. ಹನಿ ಹಾಕಿಕೊಳ್ಳದವರಲ್ಲಿ ಶೇ 9.5 ಮಂದಿಗೆ ಗ್ಲಾಕೋಮಾ ತಗುಲಿತು, ಹಾಕಿಕೊಂಡವರಲ್ಲಿ ಶೇ 4.4 ಮಂದಿಗೆ. ಇದು 2002ರ ಮಾತು. 2019ರಲ್ಲಿ ಬ್ರಿಟನ್ನಿನ ಇನ್ನೊಂದು ಅಧ್ಯಯನ ಚಿಕಿತ್ಸೆಯ ಸರದಿಯನ್ನೇ ಬದಲಿಸಿತು. ಅಲ್ಲಿಯವರೆಗೆ ಮೊದಲು ಹನಿ, ಆಮೇಲೆ ಲೇಸರ್, ಕೊನೆಗೆ ಕತ್ತರಿ ಎಂಬ ರೂಢಿಯಿತ್ತು. 718 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ ಎಸ್‌ಎಲ್‌ಟಿ ಲೇಸರ್ ಮಾಡಿದಾಗ, ಅವರಲ್ಲಿ ಶೇ 74ರಷ್ಟು ಮಂದಿಗೆ ಮೂರು ವರ್ಷ ಹನಿಯೇ ಬೇಕಾಗಲಿಲ್ಲ. ತೆರೆದ ಮೂಲೆಯ ಆರಂಭದ ಗ್ಲಾಕೋಮಾಕ್ಕೆ ಲೇಸರನ್ನು ಮೊದಲ ಚಿಕಿತ್ಸೆಯಾಗಿ ಕೊಡಬಹುದೆಂದು ಈಗ ವೈದ್ಯರು ಒಪ್ಪುತ್ತಾರೆ. ರೋಗ ಬಹಳ ಮುಂದುವರಿದ ಮೇಲೆ ಬಂದವರಲ್ಲಿ ಹನಿಗಿಂತ ಮೊದಲೇ ಶಸ್ತ್ರಚಿಕಿತ್ಸೆ ಮಾಡಿದರೆ ಒತ್ತಡ ಹೆಚ್ಚು ಇಳಿಯುತ್ತದೆ ಎಂದು ಬ್ರಿಟನ್ನಿನದೇ 2021ರ ವರದಿ ತೋರಿಸಿತು. ತಡವಾಗಿ ಬರುವವರೇ ಹೆಚ್ಚಿರುವ ನಮ್ಮಂಥ ಕಡೆಗೆ ಈ ಎರಡೂ ಸಂಗತಿ ಮುಖ್ಯ.

ಟಿಕೋಟಾ, ಬಬಲೇಶ್ವರದ ಮಾತು

ಇಂದು ಟಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳು. ಒಂದು ಅಥಣಿ ದಾರಿಯಲ್ಲಿ, ಇನ್ನೊಂದು ಜಮಖಂಡಿ ದಾರಿಯಲ್ಲಿ. ವಿಜಯಪುರ ಎರಡಕ್ಕೂ ಒಂದು ಗಂಟೆಯೊಳಗಿನ ಬಸ್ ಪ್ರಯಾಣ. ಮೀರಜಕ್ಕೆ ಹೋಗಬೇಕಿದ್ದ ಕಾಲಕ್ಕೆ ಹೋಲಿಸಿದರೆ ದೂರದ ಸಮಸ್ಯೆ ಬಹುಪಾಲು ತೀರಿದೆ. ತೀರದಿರುವುದು ಬೇರೆ. ಗ್ಲಾಕೋಮಾ ಹನಿ ಬರೆದುಕೊಟ್ಟ ಎರಡು ತಿಂಗಳಿಗೆ ನಮ್ಮ ಕಡೆಯ ಹೊರರೋಗಿ ವಿಭಾಗದಲ್ಲಿ ನಡೆಯುವ ಮಾತು ಹೆಚ್ಚೂಕಡಿಮೆ ಹೀಗಿರುತ್ತದೆ.

"ಎರಡ್ ತಿಂಗ್ಳ ಡ್ರಾಪ್ಸ್ ಹಾಕೀನ್ರಿ, ಕಣ್ಣ ಏನೂ ಸುಧಾರ್ಸಿಲ್ಲ. ಅದಕ್ಕ ಬಿಟ್ಟೀನ್ರಿ."

"ಯಜಮಾನ್ರ, ಇದು ಹೆಚ್ಗಿ ಕಾಣ್ಲಿ ಅಂತ ಹಾಕೂ ಔಷಧ ಅಲ್ರಿ. ಇದ್ದದ್ದು ಹೋಗಬಾರ್ದಂತ ಹಾಕೂದು."

"ಹಂಗಾದ್ರ ಆಪರೇಶನ್ನರ ಮಾಡಿಬಿಡ್ರಿ, ಕಾಣ್ಲಿ."

"ಆಪರೇಶನ್ ಮಾಡಿದ್ರೂ ಹೋದದ್ದು ಬರೂದಿಲ್ರಿ. ಉಳಿದದ್ದು ಉಳಸ್ಕೊಳ್ಳೂದಷ್ಟ."

ಪಟ್ಟಿ ಬಿಚ್ಚಿದೊಡನೆ ಕಂಡ ಕಣ್ಣುಗಳ ಕಥೆ ಕೇಳಿ ಬೆಳೆದವರಿಗೆ ಈ ಕೊನೆಯ ಮಾತು ನಂಬುವಂಥದ್ದಲ್ಲ. ವೈದ್ಯರಿಗೇ ಬರುವುದಿಲ್ಲವೇನೋ ಎಂದುಕೊಂಡು ಇನ್ನೊಂದು ಊರಿಗೆ ಹೋಗುವವರಿದ್ದಾರೆ. ಹನಿಯನ್ನು ಪೂರ್ತಿ ಬಿಟ್ಟು, ಬಿತ್ತನೆ, ಸುಗ್ಗಿ, ಮದುವೆ ಎಂದು ಎರಡು ವರ್ಷ ಕಳೆದು ಬರುವವರಿದ್ದಾರೆ. ಹನಿ ಬಿಟ್ಟ ಕಾಲದಲ್ಲಿ ಹೋದ ನೋಟ ಯಾವ ಊರಿನಲ್ಲೂ ಸಿಗುವುದಿಲ್ಲ.

ಇನ್ನೊಂದು ತೊಂದರೆ ಔಷಧದಂಗಡಿಯದು. ವಿಜಯಪುರದ ಬಿಸಿಲು, ಒಣಹವೆ, ಧೂಳು ಕಣ್ಣಿಗೆ ತುರಿಕೆ ತರುತ್ತವೆ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದ ದಿನ ಕಣ್ಣು ಉರಿಯುತ್ತದೆ. ಬೇಸಿಗೆಯಲ್ಲಿ ಮಕ್ಕಳ ಕಣ್ಣು ಕೆಂಪಾಗುತ್ತವೆ. ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಅನೇಕ ಸಲ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ಕೆಂಪು ಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಅದೇ ಬಾಟಲಿ. ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ. ಹತ್ತು ವರ್ಷದ ಹುಡುಗನಿಗೆ ಗ್ಲಾಕೋಮಾ ಬರುವುದು ಹೀಗೂ ಉಂಟು. ತಡೆಯಬಹುದಾದ ಗ್ಲಾಕೋಮಾ ಇದು.

ಹಠಾತ್ ಗ್ಲಾಕೋಮಾ ಬೇರೆ ವೇಷದಲ್ಲಿ ಬರುತ್ತದೆ. ಸಂಜೆ ಹೊತ್ತಿಗೆ ಒಂದು ಕಣ್ಣು ಕೆಂಪಾಗಿ ಸಿಡಿಯುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ, ವಾಂತಿಯಾಗುತ್ತದೆ. ಪಿತ್ತ ಎಂದೋ ಅರೆತಲೆನೋವು ಎಂದೋ ಲಿಂಬೆ ಶರಬತ್ತು ಕುಡಿಸಿ ಮಲಗಿಸಿದರೆ ಬೆಳಗಾಗುವುದರೊಳಗೆ ಕಣ್ಣಿಗೆ ಗಂಡಾಂತರ. ಅದೇ ರಾತ್ರಿ ಆಸ್ಪತ್ರೆ ಮುಟ್ಟಿದರೆ ಮಾತ್ರೆ, ಹನಿಗಳಿಂದ ಒತ್ತಡ ಇಳಿಸಿ, ಲೇಸರಿನಿಂದ ಕಿಂಡಿ ಮಾಡಿ ಕಣ್ಣು ಉಳಿಸಬಹುದು. ಇನ್ನೊಂದು ಕಣ್ಣಿಗೂ ಮುಂಜಾಗ್ರತೆಯಾಗಿ ಕಿಂಡಿ ಮಾಡುತ್ತಾರೆ.

ಡಾ. ಮೋದಿ 2005ರ ನವೆಂಬರ್ 11ರಂದು ತೀರಿಕೊಂಡರು. ಅವರ ಕಾಲದಲ್ಲಿ ವೈದ್ಯ ಹಳ್ಳಿಗೆ ಬಂದು ಕಣ್ಣು ಕೊಟ್ಟು ಹೋದ. ಗ್ಲಾಕೋಮಾದ ವಿಷಯದಲ್ಲಿ ಅರ್ಧ ಕೆಲಸ ರೋಗಿಯದೇ, ಅವನ ಮನೆಯವರದೇ. ಹಾಗಾಗಿ ಟಿಕೋಟಾ, ಬಬಲೇಶ್ವರ, ವಿಜಯಪುರದ ಓದುಗರಲ್ಲಿ ಇಷ್ಟು ಅರಿಕೆ. ನಲವತ್ತು ದಾಟಿದ ಮೇಲೆ ಚಷ್ಮಾದ ನಂಬರ್ ನೋಡಿಸಲು ಹೋದಾಗ ಕಣ್ಣಿನ ಒತ್ತಡವನ್ನೂ ಹಿಂದಿನ ನರವನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದೆಯೆಂದು ಗೊತ್ತಾದರೆ ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿ. ರಕ್ತಸಂಬಂಧಿಗಳಿಗೆ ಅಪಾಯ ಹೆಚ್ಚು. ವೈದ್ಯರ ಚೀಟಿಯಿಲ್ಲದೆ ಕಣ್ಣಿನ ಹನಿ ಕೊಳ್ಳಬೇಡಿ. ಗ್ಲಾಕೋಮಾಕ್ಕೆ ಬರೆದ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಔಷಧ ಕಣ್ಣಲ್ಲೇ ಉಳಿಯುತ್ತದೆ, ಮೈಗೆ ಸೇರುವುದು ಕಡಿಮೆಯಾಗುತ್ತದೆ. ದಿನಾ ಹನಿ ಹಾಕುವುದು ಆಗದ ಮಾತು ಎನಿಸಿದರೆ, ದುಡ್ಡು ಹೊಂದದಿದ್ದರೆ, ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಲೇಸರ್ ಇದೆ, ಶಸ್ತ್ರಚಿಕಿತ್ಸೆ ಇದೆ, ದಾರಿ ಬದಲಿಸಬಹುದು. ಯಾವ ದಾರಿ ಹಿಡಿದರೂ ವರ್ಷವರ್ಷ ತೋರಿಸುವುದನ್ನು ಮಾತ್ರ ಬಿಡುವಂತಿಲ್ಲ.